ಗಿರಣಿ ಮುರಿಗೆಪ್ಪನ ಗುಂಗುರು ಕೂದಲು

ಕಥೆಗಿಂತ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಈ ವರ್ಷ ಗಿರಣಿ ಮುರಿಗೆಪ್ಪನಿಗೆ ಜೋರಿನ ಶಾಂಪೂ ಕೊಟ್ಟವಳು ನಾನೇ. ಮೂವತ್ತೊಂದು ವರ್ಷದಿಂದ ಈ ಊರಿನ ತಲೆಗಳನ್ನು ತೊಳೆಯುತ್ತಿದ್ದೇನೆ, ಅಂಗಡಿಯ ಹಿಂದೆ ಶಾಂಪೂ ಬೆರೆಸಿ ಮಾರುತ್ತಿದ್ದೇನೆ. ಕಣ್ಣು ಮುಚ್ಚಿ ಮುಟ್ಟಿದರೂ ಕೂದಲು ಎಂಥದೆಂದು ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಂಡವಳು. ಆದರೆ ಆ ದಿನ ನಾನು ಮುಟ್ಟಲೇ ಇಲ್ಲ. ಮುಖ ನೋಡಿ ಬಾಟಲಿ ಕೊಟ್ಟೆ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ.

ಏಕೆಂದರೆ ನಮ್ಮಲ್ಲಿ ವರ್ಷಕ್ಕೊಮ್ಮೆ, ಚಳಿ ಬಿಡುವ ವಾರದಲ್ಲಿ, ಒಂದು ಬೆಳಿಗ್ಗೆ ಎದ್ದಾಗ ಎಲ್ಲರ ಕೂದಲೂ ಬದಲಾಗಿರುತ್ತದೆ. ನನ್ನ ತಲೆಯದು ಇನ್ನೊಬ್ಬರಿಗೆ, ಅವರದು ಮತ್ತೊಬ್ಬರಿಗೆ. ಉದ್ದ, ಬಣ್ಣ, ಜಿಡ್ಡು, ಹೊಟ್ಟು ಎಲ್ಲ ಸಮೇತ. ಇದನ್ನು ನಾವು ಬದಲಿ ಎನ್ನುತ್ತೇವೆ. ಆ ದಿನ ಶಾಲೆಗೆ ರಜೆ, ಕನ್ನಡಿಯ ಮುಂದೆ ಜಗಳ, ಸಂಜೆಯ ಹೊತ್ತಿಗೆ ಎಲ್ಲ ತಣ್ಣಗೆ. ಐದು ವರ್ಷ ತುಂಬಿದ ಮಕ್ಕಳು ಸರದಿಗೆ ಸೇರುತ್ತಾರೆ. ಬಂದ ಕೂದಲನ್ನು ಕತ್ತರಿಸಿಕೊಳ್ಳಬಹುದು, ಒಂದು ಗೇಣು ಉಳಿಸಬೇಕು ಅಷ್ಟೇ. ಪೂರ್ತಿ ಬೋಳಿಸಿದರೆ ಮಾತ್ರ ಆ ಕೂದಲು ಸರದಿಯಿಂದ ಹೋಯಿತು ಎಂದೇ ಲೆಕ್ಕ. ಅಲ್ಲಿ ಹೊಸದಾಗಿ ಬೆಳೆಯುವುದು ಆ ತಲೆಯನ್ನು ಬಿಟ್ಟು ಕದಲುವುದಿಲ್ಲ, ಹಳೆಯದು ಮತ್ತೆ ಯಾರ ತಲೆಯ ಮೇಲೂ ಕಾಣುವುದಿಲ್ಲ. ಬೋಳಿಸಿಕೊಳ್ಳುವ ಹಕ್ಕು ಹೊತ್ತವರದು, ಬೇಡ ಎನ್ನಲು ಯಾರಿಗೂ ಅಧಿಕಾರವಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಇದು ಇಂಥವರ ಕೂದಲು ಎಂದು ಹೊತ್ತವರ ಎದುರು ಹೇಳುವಂತಿಲ್ಲ. ಹೇಳಿದರೆ ಅವರಿಗೆ ವರ್ಷವಿಡೀ ತಲೆ ಭಾರ. ಹಾಗಾಗಿ ಗುರುತು ಸಿಕ್ಕವರೂ ಗೊತ್ತಿಲ್ಲದವರಂತೆ ಓಡಾಡುತ್ತಾರೆ.

ಬದಲಿಯಾದ ಮೇಲಿನ ಎರಡು ವಾರ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಲೆ ಹೊಸದಾದರೂ ಅಭ್ಯಾಸ ಹಳೆಯದು, ನಮ್ಮ ಜನರ ಕಷ್ಟವೆಲ್ಲ ಅದೇ. ಹೋದ ವರ್ಷ ಒಣಕಲು ಕೂದಲಿದ್ದ ಸಂಗೀತದ ಮಾಸ್ತರರಿಗೆ ಈ ಸಲ ಜಿಡ್ಡಿನ ಕೂದಲು ಬಂತು. ಅವರು ಮೆತ್ತನೆಯ ಶಾಂಪೂವನ್ನೇ ವಾರಕ್ಕೊಮ್ಮೆ ಹಾಕಿಕೊಂಡು, ಎಣ್ಣೆಯ ಡಬ್ಬಿಯಲ್ಲಿ ಅದ್ದಿ ತೆಗೆದವರಂತೆ ಕಚೇರಿಗೆ ಕೂತಿದ್ದರು. ತರಕಾರಿ ಮಾರುವ ತಂಗೆವ್ವನಿಗೆ ಎಳೆಎಳೆಯಾದ ತೆಳ್ಳನೆಯ ಕೂದಲು. ಅವಳು ಹಿಂದಿನ ದಟ್ಟ ಕೂದಲಿನ ಲೆಕ್ಕದಲ್ಲಿ ಅಂಗೈ ತುಂಬ ಕಂಡೀಷನರ್ ಬಳಿದು, ತಲೆಗೆ ಅಂಟಿಕೊಂಡ ಕೂದಲನ್ನು ಕಂಡು ಅಳುತ್ತಾ ಬಂದಳು. ನಾನು ಎಲ್ಲರಿಗೂ ಬೈಯುತ್ತೇನೆ, ಬೈದು ಸರಿಯಾದ ಬಾಟಲಿ ಕೊಡುತ್ತೇನೆ. ನನ್ನ ಹತ್ತಿರ ಇರುವುದು ಮೂರೇ ಬಗೆ. ಜಿಡ್ಡಿನ ತಲೆಗೆ ಜೋರಿನದು, ಸಾಧಾರಣ ತಲೆಗೆ ನಡುವಿನದು, ಒಣ ಕೂದಲಿಗೂ ಗುಂಗುರು ಕೂದಲಿಗೂ ಮೆತ್ತನೆಯದು. ಮೂರನ್ನು ನೆನಪಿಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ, ಈ ವರ್ಷ ನನಗೂ ಆಗಲಿಲ್ಲ.

ಮುರಿಗೆಪ್ಪ ನಮ್ಮೂರ ಹಿಟ್ಟಿನ ಗಿರಣಿಯವನು. ಐವತ್ತರ ಮೇಲಾಯಿತು, ಬಾಗಿಲು ತುಂಬುವ ಆಳು, ಮೀಸೆಯ ಮೇಲೆ ಸದಾ ಹಿಟ್ಟು. ಹೋದ ವರ್ಷ ಅವನಿಗಿದ್ದದ್ದು ನೆಟ್ಟನೆಯ ಜಿಡ್ಡಿನ ಕೂದಲು, ಅದಕ್ಕೆ ಜೋರಿನದೇ ಸರಿ. ಬದಲಿಯಾದ ಮೂರನೆಯ ದಿನ ಅವನು ತಲೆಗೆ ಟವೆಲು ಸುತ್ತಿಕೊಂಡು ಬಂದು, ಜನರ ತಲೆಗಳ ಮೇಲಿಂದ ಕೈ ಚಾಚಿ, "ನಂದು ಕೊಡವ್ವ ಕಸ್ತೂರೆವ್ವ, ಗಿರಣಿ ಮುಂದ ಮಂದಿ ನಿಂತಾರ" ಎಂದ. ನಾನು ಅವನದನ್ನು ಕೊಟ್ಟೆ. ಅಂದರೆ ಹೋದ ವರ್ಷದ ಅವನದನ್ನು. ಟವೆಲು ಬಿಚ್ಚು ಎನ್ನಲು ನನಗೆ ಪುರುಸೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಶಾಲೆಯ ಸಮವಸ್ತ್ರ ಹೊಲಿಯುವ ದಾಕ್ಷಾಯಣಿ ಅಂಗಡಿಗೆ ಬಂದಳು. ಮಾತು ಕಡಿಮೆಯ ಹೆಂಗಸು. ಕರವಸ್ತ್ರದ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದಳು. ಒಳಗೆ ಗುಂಗುರು ಗುಂಗುರಾದ ಕೂದಲಿನ ತುಂಡುಗಳು, ತುಸು ಕೆಂಚು ಬಣ್ಣದವು, ಹಿಟ್ಟು ಮೆತ್ತಿಕೊಂಡವು.

"ಇವು ಎಲ್ಲಿ ಸಿಕ್ಕವು?" ಎಂದೆ.

"ನನ್ನ ಜ್ವಾಳದ ಹಿಟ್ಟಿನಾಗ. ಮೊದಲ ವಾರ ಒಂದು ಎರಡು ಇದ್ದವು. ಈಗ ನೋಡ್ರಿ ಎಷ್ಟದಾವು" ಎಂದಳು. ಕರವಸ್ತ್ರವನ್ನು ಇನ್ನೂ ಹತ್ತಿರ ಚಾಚಿದಳು. "ಶಕ್ಕುನವು ರೀ ಇವು."

ಶಕ್ಕು ಅವಳ ಮಗಳು. ಹನ್ನೊಂದು ವರ್ಷದ ಹಿಂದೆ, ಒಂಬತ್ತನೆಯ ವಯಸ್ಸಿಗೆ, ನಾಲ್ಕು ದಿನದ ಜ್ವರದಲ್ಲಿ ಹೋದಳು. ಆ ವರ್ಷ ಆ ಮಗುವಿನ ತಲೆಯ ಮೇಲಿದ್ದದ್ದು ನಮ್ಮ ಪೋಸ್ಟ್ ಮಾಸ್ತರರ ನರೆಗೂದಲು. ಅದರ ಸಮೇತವೇ ಅವಳನ್ನು ಮಣ್ಣು ಮಾಡಿದರು. ಪೋಸ್ಟ್ ಮಾಸ್ತರರು ಗುಂಡಿಯ ಅಂಚಿನಲ್ಲಿ ನಿಂತು, ಸಾಯಬೇಕಾದ ಕೂದಲು ಸರಿಯಾಗಿಯೇ ಸತ್ತಿತು, ಸಾಯಬಾರದ ಮಗು ಯಾಕೆ ಸತ್ತಿತು ಎಂದು ಅತ್ತದ್ದು ನನಗೆ ಇನ್ನೂ ನೆನಪಿದೆ. ಶಕ್ಕು ಹುಟ್ಟಿನಿಂದ ತಂದ ಕೆಂಚು ಗುಂಗುರು ಮಾತ್ರ ಆ ವರ್ಷ ಬೇರೆ ಓಣಿಯಲ್ಲಿ ಯಾರದೋ ತಲೆಯ ಮೇಲಿತ್ತು, ಬದುಕಿಯೇ ಇತ್ತು. ಅಂದಿನಿಂದ ಪ್ರತಿ ಬದಲಿಯ ಬೆಳಿಗ್ಗೆ ದಾಕ್ಷಾಯಣಿ ಓಣಿ ಓಣಿ ಸುತ್ತಿ ಅದು ಎಲ್ಲಿಗೆ ಹೋಯಿತೆಂದು ಹುಡುಕುತ್ತಾಳೆ. ಬಲಗಿವಿಯ ಹಿಂದೆ ಒಂದು ಬಿಳಿಯ ಸುರುಳಿ ಇದೆ, ಅದೇ ಗುರುತು. ಒಂದು ವರ್ಷ ಅದು ಕಂಪೌಂಡರನ ತಲೆಯ ಮೇಲಿತ್ತು, ಆ ವರ್ಷ ದಾಕ್ಷಾಯಣಿಗೆ ಹೊಟ್ಟೆನೋವು ವಾಸಿಯಾಗಲೇ ಇಲ್ಲ, ದಿನವೂ ದವಾಖಾನೆಗೆ ಹೋದಳು. ಇನ್ನೊಂದು ವರ್ಷ ಹೂವಿನವಳಿಗೆ ಬಂತು, ಆಗ ದಾಕ್ಷಾಯಣಿಯ ಮನೆಯ ದೇವರಿಗೆ ದಿನವೂ ಎರಡು ಮೊಳ ಹೂವು. ಮುಟ್ಟುವುದಿಲ್ಲ, ಕೇಳುವುದಿಲ್ಲ, ನೋಡಿಕೊಂಡು ಬರುತ್ತಾಳೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

"ನಾ ಗಿರಣಿಗೆ ಒಂದೊಂದ ಸೇರು ಜ್ವಾಳ ಒಯ್ತೀನ್ರಿ, ವಾರಕ್ಕ ಮೂರು ಸಲ ಹೋಗಾಕ ಬರ್ತೈತಿ ಅಂತ" ಎಂದಳು. "ನಿನ್ನೆ ಮುರಿಗೆಪ್ಪನವರು ನಳದ ಮುಂದ ತಲಿ ತೊಳಕೊಳ್ಳಾಕತ್ತಿದ್ರು. ಪಕ್ಕದಾಗ ನಿಮ್ಮ ಬಾಟ್ಲಿ ಇತ್ತು. ಜೋರಿಂದು. ಯಾಕ್ ಕೊಟ್ರಿ?"

ಆ ತುಂಡುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದೆ. ಬೇರಿನಿಂದ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಗಂಟು ಇರುತ್ತದೆ. ಇವಕ್ಕೆ ಎರಡೂ ಕಡೆ ಗಂಟಿರಲಿಲ್ಲ. "ಉದುರಿಲ್ಲವ್ವ, ಮುರಿದಾವು" ಎಂದೆ. "ಬೇರು ಗಟ್ಟಿ ಐತಿ. ನಾ ಕೊಟ್ಟ ತಪ್ಪು ಬಾಟ್ಲಿ ನಾನ ಇಸ್ಕೊಂಡು ಬರ್ತೀನಿ." ಅವಳು ತಲೆ ಅಲ್ಲಾಡಿಸಿದಳು. "ಅಷ್ಟ ಅಲ್ರಿ. ಸೋಮವಾರ ತಲಿ ಬೋಳಿಸ್ಕೊತಾರಂತ. ಹಜಾಮರ ಹಣಮಂತಗ ಹೇಳಿ ಕಳಿಸ್ಯಾರ. ನಾ ಅಲ್ಲೇ ನಿಂತಿದ್ದೆ."

ಸೋಮವಾರಕ್ಕೆ ಮೂರು ದಿನ. ಬೋಳಿಸಿದರೆ ಶಕ್ಕುವಿನದೆಂದು ಈ ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ಮುರಿಗೆಪ್ಪನಿಗೆ ಹೇಳೋಣವೆಂದರೆ ಕಟ್ಟಳೆ ಅಡ್ಡ. ದಾಕ್ಷಾಯಣಿ ಹೇಳು ಎಂದು ಕೇಳಲೂ ಇಲ್ಲ. ಕೂದಲನ್ನು ಮತ್ತೆ ಗಂಟು ಕಟ್ಟಿ, ಸೆರಗಿನಲ್ಲಿ ಸಿಕ್ಕಿಸಿಕೊಂಡು ಹೋದಳು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಬಾಗಿಲು ಹಾಕಿ ಸೀದಾ ಗಿರಣಿಗೆ ನಡೆದೆ.

ಗಿರಣಿಯ ಗದ್ದಲದಲ್ಲಿ ಕೂಗಿಯೇ ಮಾತಾಡಬೇಕು. ಮುರಿಗೆಪ್ಪನನ್ನು ಹೊರಗೆ ಕರೆದು ಟವೆಲು ಬಿಚ್ಚಿಸಿದೆ. ಗುಂಗುರು ಒಣಹುಲ್ಲಿನಂತೆ ಎದ್ದು ನಿಂತಿತ್ತು, ನಡುನಡುವೆ ಹಿಟ್ಟು ಮುದ್ದೆಗಟ್ಟಿ ಗಂಟಾಗಿತ್ತು.

"ದಿನಾ ಎರಡು ಸಲ ತೊಳೀತೀನಿ ಕಸ್ತೂರೆವ್ವ" ಎಂದ ಅವನು, ನಾನೇನೋ ಅವನನ್ನು ಕೊಳಕ ಎಂದು ಬೈಯಲು ಬಂದಿದ್ದೇನೆ ಎಂಬಂತೆ. "ತೊಳದಷ್ಟೂ ಬಿರುಸಾಗತಾವು. ಹೊಲಸು ಹೋಗಿಲ್ಲ ಅಂತ ಮತ್ತ ತೊಳೀತೀನಿ. ಹಿಟ್ಟು ಹೊಕ್ಕರ ಹೊರಗ ಬರವಲ್ದು. ನೀರು ಬಿದ್ದ ಕೂಡ್ಲೆ ತಲಿಯಾಗ ಕಣಕ ಕಲಸಿದಂಗ ಆಗತೈತಿ. ಸಾಕಾತು ನನಗ."

"ಬಿರುಸಾಗಿದ್ದು ಹೊಲಸಿಗಲ್ಲೋ ಮಾರಾಯ, ತೊಳದಿದ್ದಕ್ಕ" ಎಂದೆ. ಅವನ ಗಿರಣಿಯ ಕಟ್ಟೆಯ ಮೇಲೆಯೇ ಕೂತು ಪಾಠ ಮಾಡಿದೆ. ಶಾಂಪೂವಿನ ಒಂದೊಂದು ಕಣಕ್ಕೂ ಎರಡು ತುದಿ. ಒಂದು ತುದಿಗೆ ಎಣ್ಣೆ ಇಷ್ಟ, ಇನ್ನೊಂದಕ್ಕೆ ನೀರು ಇಷ್ಟ. ಎಣ್ಣೆ ಇಷ್ಟವಿರುವ ತುದಿಗಳೆಲ್ಲ ಹೋಗಿ ತಲೆಯ ಜಿಡ್ಡನ್ನು ಸುತ್ತುವರಿದು ಕಚ್ಚಿಕೊಳ್ಳುತ್ತವೆ. ನೀರು ಹೊಯ್ದಾಗ ಇನ್ನೊಂದು ತುದಿ ನೀರಿನ ಹಿಂದೆ ಓಡುತ್ತದೆ, ಓಡುವಾಗ ಜಿಡ್ಡನ್ನೂ ಅದಕ್ಕೆ ಅಂಟಿದ ಕೊಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಇಷ್ಟೇ ಅದರ ಕೆಲಸ. ಆದರೆ ಜೋರಿನದಕ್ಕೆ ಬೇಡದ ಜಿಡ್ಡು ಯಾವುದು, ಬೇಕಾದ ಜಿಡ್ಡು ಯಾವುದು ಎಂಬ ವಿವೇಕವಿಲ್ಲ. ಎಲ್ಲವನ್ನೂ ಎಳೆದೊಯ್ಯುತ್ತದೆ. ನೆಟ್ಟನೆಯ ಕೂದಲಾದರೆ ಬುರುಡೆಯ ಎಣ್ಣೆ ಜಾರಿ ತುದಿಯವರೆಗೂ ಬರುತ್ತದೆ, ತಡೆದುಕೊಳ್ಳುತ್ತದೆ. ಗುಂಗುರಿನಲ್ಲಿ ಪ್ರತಿ ತಿರುವಿಗೂ ಎಣ್ಣೆ ನಿಂತುಬಿಡುತ್ತದೆ, ತುದಿ ಯಾವಾಗಲೂ ಉಪವಾಸ. ಅಂಥದ್ದನ್ನು ದಿನಕ್ಕೆ ಎರಡು ಸಲ ಜೋರಿನದರಲ್ಲಿ ತಿಕ್ಕಿದರೆ ಮುರಿಯದೆ ಏನಾಗುತ್ತದೆ?

"ಮೆತ್ತಂದು ನೊರಿ ಬರೂದಿಲ್ಲಲ್ಲವ್ವ" ಎಂದ ಅವನು. "ನೊರಿ ಇಲ್ಲಂದ್ರ ತೊಳದಂಗ ಅನಸೂದಿಲ್ಲ."

"ನೊರಿ ಕಣ್ಣಿಗೆ ಹಬ್ಬ ಅಷ್ಟ. ಹೊಲಸು ತೆಗಿಯೂದು ನೊರಿ ಅಲ್ಲ. ಮತ್ತ ಹಿಟ್ಟಿಗೆ ಶಾಂಪೂ ಯಾಕೋ ಬೇಕು? ಹಿಟ್ಟು ಒಣ ಧೂಳು. ನೀರು ಮುಟ್ಟಿಸೂಕಿಂತ ಮೊದಲ ಝಾಡಿಸಿ, ಬೆರಳಾಗ ಬಿಡಿಸಿದ್ರ ಆತು. ಗಿರಣಿ ಇಟ್ಕೊಂಡು ಇಷ್ಟು ತಿಳೀಲಿಲ್ಲ ನಿನಗ."

ಅವನು ನಗಲಿಲ್ಲ. ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತಾ, "ಇರಲಿ ಬಿಡವ್ವ. ಹಣಮಂತಗ ಹೇಳೀನಿ" ಎಂದ. ಬಾಟಲಿ ತಪ್ಪು ಕೊಟ್ಟದ್ದು ನಾನೆಂದು ಒಪ್ಪಿಕೊಂಡೆ. ಒಂದೇ ಒಂದು ಸಲ ನನ್ನ ಕೈಯಿಂದ ತೊಳೆಸಿಕೋ, ಆಮೇಲೆ ಬೇಕಾದರೆ ಬೋಳಿಸಿಕೋ, ಇಲ್ಲದಿದ್ದರೆ ಈ ತಪ್ಪು ನನ್ನನ್ನು ಮಲಗಗೊಡುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಭಾನುವಾರ ಬೆಳಿಗ್ಗೆ, ಗಿರಣಿ ತೆಗೆಯುವ ಮೊದಲು ಬರುತ್ತೇನೆಂದು ಒಪ್ಪಿದ.

ಅಲ್ಲಿಂದ ಬರುವಾಗ ನನಗೆ ಹೊಳೆದದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ನನ್ನ ಅಂಗಡಿಯಲ್ಲಿ ತಲೆ ತೊಳೆಯುವಾಗ ಒರಗು ಕುರ್ಚಿಯಲ್ಲಿ ಮಲಗಿಸಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕುವ ಪದ್ಧತಿ ಇದೆ. ತೊಳೆಸಿಕೊಳ್ಳುವವರಿಗೆ ಏನೂ ಕಾಣುವುದಿಲ್ಲ. ದಾಕ್ಷಾಯಣಿಯ ಮನೆಗೆ ಹೋಗಿ, "ಭಾನುವಾರ ಬೆಳಿಗ್ಗೆ ಬಾ. ತುಟಿ ಎರಡು ಮಾಡಬ್ಯಾಡ. ನೀನ ತೊಳಿ" ಎಂದೆ. ಅವಳು ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಆಮೇಲೆ, "ಕೈ ನಡುಗಿದ್ರ?" ಎಂದಳು. ನಡುಗಲಿ ಎಂದೆ. ಉಳಿಸಲು ಆಗದಿದ್ದರೂ ಒಂದು ಸಲ ಮುಟ್ಟಲಿ ಎಂಬುದಷ್ಟೇ ನನ್ನ ಆಸೆ. ಹನ್ನೊಂದು ವರ್ಷ ಬರೀ ನೋಡಿದವಳು ಅವಳು.

ಭಾನುವಾರ ಅವಳು ಮೊದಲೇ ಬಂದು ಪರದೆಯ ಹಿಂದೆ ನಿಂತಳು. ಮುರಿಗೆಪ್ಪ ಬಂದ, ಮಲಗಿದ, ಕುರ್ಚಿ ಕಿರುಗುಟ್ಟಿತು. ನಾನು ಕಣ್ಣಿಗೆ ಬಟ್ಟೆ ಹಾಕಿ, ಒಣ ಕೂದಲನ್ನು ಬೆರಳಲ್ಲಿ ಬಿಡಿಸಿ ಹಿಟ್ಟನ್ನೆಲ್ಲ ಝಾಡಿಸಿದೆ. ಉಗುರು ಬೆಚ್ಚಗಿನ ನೀರು ಹೊಯ್ದೆ. ಮೆತ್ತನೆಯ ಶಾಂಪೂವನ್ನು ತುಸು ನೀರಿನಲ್ಲಿ ಬೆರೆಸಿ ದಾಕ್ಷಾಯಣಿಯ ಅಂಗೈಗೆ ಸುರಿದು, ಬುರುಡೆಗೆ ಮಾತ್ರ ಎಂದು ಕಣ್ಣಲ್ಲೇ ತೋರಿಸಿದೆ. ಇಳಿದು ಬರುವ ನೊರೆಯೇ ತುದಿಗೆ ಸಾಕು. ಅವಳು ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ಬೆರಳುಗಳನ್ನು ಆ ಗುಂಗುರಿನೊಳಗೆ ಇಳಿಸಿದಳು. ಕೈ ನಡುಗಲೇ ಇಲ್ಲ. ಬಲಗಿವಿಯ ಹಿಂದಿನ ಬಿಳಿ ಸುರುಳಿಯ ಹತ್ತಿರ ಬಂದಾಗ ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದಳು. ನಾನು ಗೋಡೆಯ ಕಡೆ ತಿರುಗಿದೆ, ಇಂಥದ್ದನ್ನು ನಿಂತು ನೋಡಲು ನನಗಾಗುವುದಿಲ್ಲ.

"ಇದು ಕಸ್ತೂರೆವ್ವನ ಕೈ ಅಲ್ಲ" ಎಂದ ಮುರಿಗೆಪ್ಪ ಬಟ್ಟೆಯ ಕೆಳಗಿನಿಂದ.

ದಾಕ್ಷಾಯಣಿಯ ಬೆರಳು ನಿಂತವು. ನಾನು ಏನಾದರೂ ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಅವನೇ ಮುಂದುವರಿಸಿದ. "ನಿಲ್ಲಸಬ್ಯಾಡವ್ವ, ನೊರಿ ಕಣ್ಣಾಗ ಇಳೀತೈತಿ." ಬೆರಳುಗಳು ಮತ್ತೆ ಮೆಲ್ಲಗೆ ಆಡಿದವು. ಅವನು ಬಟ್ಟೆ ತೆಗೆಯಲಿಲ್ಲ. "ನಾ ಮೂವತ್ತು ವರ್ಷದಿಂದ ಬೀಸಾಕತ್ತೀನಿ. ಒಂದೊಂದ ಸೇರು ತರೋ ಮನಿ ಈ ಊರಾಗ ಯಾವ್ದೂ ಇಲ್ಲ. ಎರಡನೇ ಸಲ ಬಂದಾಗ ತಿಳೀತು, ಇದು ಯಾರದು ಅಂತ. ತಿಳಿದ ಮ್ಯಾಲ ಚೊಲೋ ಇಡಬೇಕು ಅಂತ ಇನ್ನಷ್ಟು ತೊಳದೆ. ಅದು ಇನ್ನಷ್ಟು ಮುರೀತು. ಆಕಿ ಬರ್ತಾಳ, ನೋಡ್ತಾಳ, ದಿನಕ್ಕೊಂದಿಷ್ಟು ಮುಖ ಸಣ್ಣ ಮಾಡ್ಕೊಂಡು ಹೋಗ್ತಾಳ. ನನ್ನ ಕೈಯಾಗ ದಿನಾ ಸಾಯೂದಕ್ಕಿಂತ ಒಮ್ಮೆ ಹೋಗ್ಲಿ, ಒಮ್ಮೆ ಅತ್ತು ಮುಗಿಸ್ಲಿ ಅಂತ ಹಣಮಂತಗ ಹೇಳಿ ಕಳಿಸಿದೆ. ತಪ್ಪಾತೇನೋ."

ನಾನೇ ತಪ್ಪು ಮಾಡಿದವಳೆಂದು ಎರಡು ದಿನದಿಂದ ಕೊರಗುತ್ತಿದ್ದೆ. ಇಲ್ಲಿ ನೋಡಿದರೆ ಈ ದೊಡ್ಡ ಆಳು ಎರಡು ತಿಂಗಳಿಂದ ಒಬ್ಬನೇ ಕೊರಗಿದ್ದ, ಕೊರಗಿ ಕೊರಗಿ ತಿಕ್ಕಿದ್ದ. ದಾಕ್ಷಾಯಣಿ ನೊರೆ ಹೋಗುವವರೆಗೆ ನೀರು ಹೊಯ್ದಳು. ಕಂಡೀಷನರನ್ನು ನಾನು ಹೇಳುವ ಮೊದಲೇ ತುದಿಗಳಿಗೆ ಮಾತ್ರ ಹಚ್ಚಿದಳು. ಆ ಕೂದಲಿಗೆ ಏನು ಬೇಕೆಂದು ನನಗಿಂತ ಮೊದಲು ಕಲಿತವಳು ಅವಳು. ಅಗಲ ಹಲ್ಲಿನ ಬಾಚಣಿಗೆಯಿಂದ, ಒದ್ದೆ ಇರುವಾಗಲೇ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗಂಟು ಬಿಡಿಸಿದಳು. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿದಳು. ಗುಂಗುರು ಒಂದೊಂದಾಗಿ ತನ್ನ ಜಾಗಕ್ಕೆ ಬಂದು ಕೂತಿತು.

"ಮುರಿದದ್ದು ಕೂಡೂದಿಲ್ಲ, ಇಬ್ಬರೂ ಕೇಳ್ರಿ" ಎಂದೆ, ಯಾಕೆಂದರೆ ಗಿರಾಕಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಯಾವ ಬಾಟ್ಲಿಯೂ ಅದನ್ನ ಕೂಡ್ಸೂದಿಲ್ಲ. ಆದ್ರ ಬೇರಿನಿಂದ ಬರೂದು ಚೊಲೋ ಬರ್ತೈತಿ. ಇನ್ನ ಮುಂದ ವಾರಕ್ಕೆರಡ ಸಲ, ಇದ ಬಾಟ್ಲಿ."

ಮುರಿಗೆಪ್ಪ ಎದ್ದು ಕೂತ. ಬಟ್ಟೆಯನ್ನು ತಾನೇ ತೆಗೆದು, ಕನ್ನಡಿಯನ್ನು ನೋಡಿದ, ದಾಕ್ಷಾಯಣಿಯನ್ನು ನೋಡಲಿಲ್ಲ. ಇಬ್ಬರಿಗೂ ನಾಚಿಕೆ. ಹೊರಗೆ ಆಗಲೇ ಗಿರಣಿಯ ಕಡೆಗೆ ಚೀಲ ಹೊತ್ತ ಜನ ಹೋಗುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, "ಬಿಟ್ಟರ ಮತ್ತ ಹಿಟ್ಟು ಹೊಗತೈತಿ" ಎಂದ. ಆಮೇಲೆ ಕನ್ನಡಿಗೇ ಹೇಳಿದಂತೆ, "ಎರಡ ಜಡಿ ಹಾಕಿದ್ರ ಹೊಗೂದಿಲ್ಲೇನೋ. ನಿನಗ ಹಾಕಾಕ ಬರ್ತೈತೇನವ್ವ?" ಎಂದ.

ದಾಕ್ಷಾಯಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಹಿಂದೆ ನಿಂತು, ಬಾಚಣಿಗೆಯ ತುದಿಯಿಂದ ನಡುನೆತ್ತಿಯಲ್ಲಿ ಬೈತಲೆ ತೆಗೆದಳು. "ತಲಿ ಬಗ್ಗಸ್ರಿ" ಎಂದಳು, ಅವತ್ತಿನ ಅವಳ ಮೊದಲ ಮಾತು ಅದು. ಬಾಗಿಲು ತುಂಬುವ ಆಳು ಶಾಲೆಯ ಹುಡುಗಿಯಂತೆ ಗದ್ದವನ್ನು ಎದೆಗೆ ಊರಿ ಕೂತ. ಅವಳು ಹೆಣೆದಳು. ಅವಸರ ಮಾಡಲಿಲ್ಲ, ಅವನೂ ಮಾಡಲಿಲ್ಲ. ಗಿರಣಿಯ ಮುಂದಿನ ಜನ ಕಾದರೆ ಕಾಯಲಿ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಒಂದೊಂದು ಕಿವಿಯ ಹಿಂದೆ ಒಂದೊಂದು, ಬೆರಳುದ್ದದ ಎರಡು ಜಡೆ. ಕಟ್ಟಲು ನನ್ನ ಹತ್ತಿರ ಇದ್ದದ್ದು ಕೆಂಪು ರಿಬ್ಬನ್ ಮಾತ್ರ. ಮುರಿಗೆಪ್ಪ ಅದನ್ನು ಕನ್ನಡಿಯಲ್ಲಿ ನೋಡಿದ, ಮೀಸೆ ಸವರಿದ, ಬೇಡವೆನ್ನಲಿಲ್ಲ.

ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಹಾಗೆಯೇ ಬೀದಿಗೆ ಇಳಿದ. ಚೀಲದ ಮಂದಿ ಅವನನ್ನು ನೋಡಿ ನಿಂತರು. ಒಂದಿಬ್ಬರು ನಕ್ಕರು. "ಏನ್ ನಗತೀರೋ, ಹಿಟ್ಟು ಹೊಗಬಾರದು ಅಂತ" ಎಂದು ಗದರಿಸಿ ಅವನು ನಡೆದೇ ಹೋದ. ಹಣಮಂತ ಎದುರಿಗೆ ಸಿಕ್ಕಾಗ ನಾಳೆ ಬರಬೇಡವೆಂದು ಕೈಸನ್ನೆಯಲ್ಲೇ ಹೇಳಿದ. ದಾಕ್ಷಾಯಣಿ ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆ ನಿಂತು, ಆ ಎರಡು ಜಡೆ ಮೂಲೆಯಲ್ಲಿ ತಿರುಗುವವರೆಗೂ ನೋಡಿದಳು.

"ಎಡಗಡೆದು ಸ್ವಲ್ಪ ಸೊಟ್ಟ ಆತು" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನಾಳೆ ಸರಿ ಹಾಕ್ತೀನಿ."